ದಾನೇಶ್ವರಿ ಟೀಚರ ಎರಡನೆಯ ಗಿಟಾರು

ಸ್ನಾನಕ್ಕೆ ಹೋಗುವಾಗ ದಾನೇಶ್ವರಿ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟುಹೋದದ್ದೇ ತಪ್ಪಾಯಿತು. ಅತ್ತ ನೀರು ಮೈಮೇಲೆ ಬೀಳುವುದಕ್ಕೂ ಇತ್ತ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಅತ್ತೆ ಯಮನಮ್ಮನಿಗೆ ಒಂದು ಕಿವಿ ಮಂದ. ಯಾರ ಫೋನು ಬಂದರೂ ಸ್ಪೀಕರಿಗೆ ಹಾಕಿಯೇ ಮಾತಾಡುವುದು ಅವಳ ಪದ್ಧತಿ. ಹಾಗೆ ಹಾಕಿದ್ದರಿಂದ ದೇವದುರ್ಗದ ಹಂಪಯ್ಯ ಎಂಬುವವನ ದನಿ ಅಡುಗೆಮನೆ ದಾಟಿ, ಅಂಗಳ ದಾಟಿ, ನಳದ ಕೆಳಗೆ ಕೊಡ ಇಟ್ಟು ನಿಂತಿದ್ದ ಪಕ್ಕದ ಮನೆಯ ಯಶೋಧಾಳವರೆಗೂ ಹೋಯಿತು.

“ಮೇಡಂ, ಆ ಕೆಂಪು ಗಿಟಾರ ನಿಮಗಂತನ ಇಟ್ಟೀನ್ರಿ. ಇವತ್ತ ಬಂದ್ರ ನಿಮ್ದು. ಇಲ್ಲಂದ್ರ ಬ್ಯಾರೆದವ್ರು ಕೇಳಾಕತ್ತ್ಯಾರ.”

ತಲೆಗೆ ಟವೆಲು ಸುತ್ತಿಕೊಂಡು ದಾನೇಶ್ವರಿ ಹೊರಗೆ ಬರುವಷ್ಟರಲ್ಲಿ ವಿಚಾರಣೆ ಮುಗಿದು ತೀರ್ಪೂ ಆಗಿಹೋಗಿತ್ತು.

“ಮನ್ಯಾಗ ಒಂದು ಅದಲ್ಲ ದಾನಮ್ಮ, ಅದೇನು ಮುರದದೇನು?” ಎಂದಳು ಯಮನಮ್ಮ.

ಮುರಿದಿರಲಿಲ್ಲ. ಅದೇ ತೊಂದರೆ. ದಾನೇಶ್ವರಿ ಮಾನ್ವಿಯ ಸರಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ರಾಯಚೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಕೆಲವು ವರ್ಷಗಳ ಹಿಂದೆ, ಯಾರಿಗೂ ಕಾರಣ ಹೇಳದೆ, ಒಂದು ಕರಿ ಎಲೆಕ್ಟ್ರಿಕ್ ಗಿಟಾರು ಕೊಂಡು, ಫೋನಿನಲ್ಲಿ ನೋಡಿ ನೋಡಿ ತಾನೇ ಕಲಿತಿದ್ದಳು. ಬೆಳಿಗ್ಗೆ ಐದು ಗಂಟೆಗೆ ಮನೆಯವರೆಲ್ಲ ಮಲಗಿರುವಾಗ ಸಿಗುವ ಒಂದು ತಾಸು ಅವಳ ಸ್ವಂತದ್ದು. ಉಳಿದ ತಾಸುಗಳೆಲ್ಲ ಶಾಲೆಯವು, ಬಸ್ಸಿನವು, ಒಲೆಯವು. ಆದರೆ ಕರಿ ಗಿಟಾರಿನ ದನಿ ತೆಳು. ಪಕ್ಕದ ಕೋಣೆಯಲ್ಲಿ ಯಾರೋ ಹಪ್ಪಳ ಮುರಿದ ಹಾಗೆ. ಇತ್ತೀಚೆಗೆ ಅವಳಿಗೆ ಹಿಡಿಸಿದ್ದ ನಿಧಾನದ ಹಾಡುಗಳಿಗೆ ಗಟ್ಟಿ ಜೋಳದ ಅಂಬಲಿಯಂಥ ದಪ್ಪ ದನಿ ಬೇಕಿತ್ತು. ಅಂಥ ದನಿಯ ಕೆಂಪು ಗಿಟಾರೊಂದನ್ನು ಹಂಪಯ್ಯ ಮಾರುತ್ತಿದ್ದ.

ಹಾಗಂತ ಅವಳೇನು ಕೊಳ್ಳಬೇಕೆಂದು ನಿರ್ಧಾರ ಮಾಡಿರಲಿಲ್ಲ. ಬೇಕು ಬೇಡ ಎಂದು ಒಂದು ತಿಂಗಳಿಂದ ತೂಗಿ ತೂಗಿ, ಹಿಂದಿನ ರಾತ್ರಿ ಮಲಗುವಾಗ ಬೇಡವೆಂದೇ ಅಂದುಕೊಂಡಿದ್ದಳು. ಆ ಬೆಳಿಗ್ಗೆ ಯಾರೂ ಏನೂ ಅನ್ನದೆ ಇದ್ದಿದ್ದರೆ ಹಂಪಯ್ಯನಿಗೆ ಬೇಡವೆಂದು ಹೇಳಿ ಸುಮ್ಮನಾಗುತ್ತಿದ್ದಳು. ಆದರೆ ಅಂದರು.

ಯಶೋಧಾ ಕೊಡವನ್ನು ನಳದ ಕೆಳಗೇ ಬಿಟ್ಟು ಒಳಗೆ ಬಂದು, ಒಬ್ಬ ಹೆಣ್ಣುಮಗಳಿಗೆ ಇರುವುದು ಎರಡೇ ಕೈ, ಎರಡು ಗಿಟಾರು ಹೇಗೆ ಬಾರಿಸುತ್ತಾಳೆ ಎಂದು ಕೇಳಿದಳು. ದಾನೇಶ್ವರಿ ನಿಮ್ಮ ಮನೆಯಲ್ಲಿ ಕುಕ್ಕರ್ ಎಷ್ಟಿವೆ ಎಂದಳು. ಯಶೋಧಾ ಬೆರಳು ಮಡಚಿ ಎಣಿಸತೊಡಗಿ, ಅರ್ಧದಲ್ಲಿ ಅಪಾಯ ಕಂಡು ನಿಲ್ಲಿಸಿದಳು.

“ಕುಕ್ಕರ್ ಮಾತು ಬ್ಯಾರೆ ಟೀಚರ್. ಅದರಾಗ ಬ್ಯಾಳಿ ಬೇಯ್ತದ.”

“ಎಲ್ಲಾದರಾಗೂ ಒಮ್ಮಿಗೇ ಬೇಯ್ತದೇನು?”

ಹೊರಗೆ ಕೊಡ ತುಂಬಿ ಅಂಗಳವೆಲ್ಲ ನೀರಾಯಿತು. ಅದಕ್ಕೂ ಗಿಟಾರೇ ಕಾರಣವಾಯಿತು. ಯಮನಮ್ಮ ತಾಟಿನ ಮುಂದೆ ಕೂತವಳು ರೊಟ್ಟಿ ಮುರಿಯಲಿಲ್ಲ. ಗಂಡ ಅಂಬರೀಶ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವನು. ಮನೆಯಲ್ಲಿ ಸೌಟು ಜಾರಿ ಬಿದ್ದರೂ ಯಾರಿಗೆ ಸಮಾಧಾನ ಹೇಳಲಿ ಎಂದು ಎದ್ದು ನಿಲ್ಲುವ ಮನುಷ್ಯ. ಅವನು ತಾಯಿಯ ಮುಖ ಒಮ್ಮೆ, ಹೆಂಡತಿಯ ಮುಖ ಒಮ್ಮೆ ನೋಡಿ, ಬಸ್ಸು ತಪ್ಪುತ್ತದೆ ಎಂದು ಹೆಂಡತಿಯನ್ನು ಬಾಗಿಲ ತನಕ ಕಳಿಸಿದ.

ಅಂದು ಶನಿವಾರ, ಬೆಳಗಿನ ಶಾಲೆ. ಮಾನ್ವಿಯಿಂದ ದೇವದುರ್ಗದ ಬಸ್ಸು ಹಿಡಿಯಬೇಕೆಂದರೆ ಸ್ವಲ್ಪ ಮೊದಲೇ ಬಿಡಬೇಕು. ಮೊದಲೇ ಬಿಡಬೇಕೆಂದರೆ ಕಾರಣ ಹೇಳಬೇಕು. ದಾನೇಶ್ವರಿ ಇನ್ನೊಂದು ಗಿಟಾರನ್ನು ಬರೀ ನೋಡಿಕೊಂಡು ಬರಲಿಕ್ಕೆ ಹೋಗುತ್ತೇನೆ ಎಂದಳು. ಅಷ್ಟಕ್ಕೇ ಸ್ಟಾಫ್ ರೂಮು ಸಂತೆಯಾಯಿತು. ಕನ್ನಡದ ಸುನಂದಾ ಟೀಚರು, ಇದ್ದರೆ ಕೊರಳಲ್ಲಿ ಒಂದೆಳೆ ಬಂಗಾರವಾದರೂ ಇರಲಿ, ಕೊರಳಿಗೆ ನೇತುಹಾಕಿಕೊಳ್ಳುವ ಕಟ್ಟಿಗೆ ಯಾಕೆ ಎಂದರು. ಡ್ರಾಯಿಂಗ್ ಮಾಸ್ತರ ಪಂಪಾಪತಿ ಚಹಾ ಹೀರುತ್ತ, “ಮೊದಲ ಒಂದರಾಗ ಪೂರ್ತಿ ಪಾಸಾಗ್ರಿ ಮೇಡಂ, ಆಮ್ಯಾಲೆ ಎರಡನೇದು ತಗೋರಿ,” ಎಂದು ನಕ್ಕರು. ಪಂಪಾಪತಿ ಮಾಸ್ತರ ಹತ್ತಿರ ಎರಡು ಸ್ಕೂಟರುಗಳಿದ್ದವು. ಒಂದು ಓಡುತ್ತಿರಲಿಲ್ಲ, ಇನ್ನೊಂದು ಓಡಿದರೆ ನಿಲ್ಲುತ್ತಿರಲಿಲ್ಲ. ದಾನೇಶ್ವರಿ ಅವೆರಡರಲ್ಲಿ ಯಾವುದರಲ್ಲಿ ಪಾಸಾಗಿದ್ದೀರಿ ಎಂದು ಕೇಳಿದಳು. ಚಹಾ ಮಾಸ್ತರ ಮೂಗಿಗೇರಿತು.

ವಿರೋಧ ಹೆಚ್ಚಿದಷ್ಟೂ ಆಸೆ ಹೆಚ್ಚುವುದು, ಅವಳು ಎಂಟನೆಯ ತರಗತಿಗೆ ಕಲಿಸುವ ನೇರ ಅನುಪಾತದ ಪಾಠದ ಹಾಗೆಯೇ ಇತ್ತು. ಸ್ಟಾಫ್ ರೂಮಿನ ಮೆಟ್ಟಿಲಿಳಿಯುವಾಗ ಅರ್ಧ ನಿರ್ಧಾರವಾಗಿತ್ತು. ಬ್ಯಾಂಕಿನ ಮುಂದಿನ ಯಂತ್ರದಿಂದ ದುಡ್ಡು ತೆಗೆದು ಚೀಲದ ತಳಕ್ಕೆ ಸೇರಿಸುವಾಗ ಮುಕ್ಕಾಲು ಆಯಿತು.

ಬಸ್ಸಿನಲ್ಲಿ ಕೆಂಪು ಗಿಟಾರಿನ ವಿಡಿಯೋವನ್ನು ಮತ್ತೆ ಮತ್ತೆ ನೋಡಿದ್ದರಿಂದ ಫೋನು ಸತ್ತಿತು. ಸಿರವಾರ ಇನ್ನೂ ದೂರವಿರುವಾಗಲೇ ಬಸ್ಸೂ ಸತ್ತಿತು. ಡ್ರೈವರ್ ಇಳಿದು ಚಕ್ರವನ್ನು ಕಾಲಿನಿಂದ ಒದ್ದು, ಇನ್ನು ಇದರ ಹಣೆಬರಹ ಎಂದು ಬೇವಿನ ಗಿಡದ ನೆರಳಿಗೆ ಹೋಗಿ ಕೂತ. ದಾನೇಶ್ವರಿ ಹಿಂದಿನಿಂದ ಬಂದ ಟಂಟಂ ಆಟೋಕ್ಕೆ ಕೈಮಾಡಿದಳು. ಒಳಗೆ ಜಾಗವಿತ್ತು, ಆದರೆ ಅದು ಒಣಮೆಣಸಿನಕಾಯಿ ಚೀಲಗಳ ಮೇಲಿನ ಜಾಗ. ಆಟೋ ತಗ್ಗಿಗೆ ಬಿದ್ದಾಗಲೆಲ್ಲ ಚೀಲಗಳು ಉಸಿರು ಬಿಟ್ಟವು. ದೇವದುರ್ಗ ಮುಟ್ಟುವ ತನಕ ಅವಳು ಒಂದೇ ಸಮನೆ ಸೀನಿದಳು. ಇಳಿದಾಗ ಕಣ್ಣು ಕೆಂಡ, ಮೂಗು ಕೆಂಪು, ಕೆನ್ನೆಯ ಮೇಲೆ ನೀರಿನ ಗೆರೆ.

ಹಂಪಯ್ಯ ಹಿಂದೆ ಮದುವೆಗಳಲ್ಲಿ ಬಾರಿಸುತ್ತಿದ್ದ ವಾದ್ಯದವನು. ಈಗ ಫೋನು ರಿಪೇರಿ ಅಂಗಡಿ ಇಟ್ಟುಕೊಂಡು ಅದರ ಹಿಂದಿನ ಮನೆಯಲ್ಲೇ ಇದ್ದ. ಬಾಗಿಲು ತೆರೆದ ಅವನ ಹೆಂಡತಿ ದಾನೇಶ್ವರಿಯ ಮುಖ ನೋಡಿದವಳೇ ಕೈಹಿಡಿದು ಒಳಗೆ ಕೂಡಿಸಿ, ನೀರು ಕೊಟ್ಟು, ಬೆನ್ನು ಸವರಿದಳು.

“ಅಳಬ್ಯಾಡ್ರಿ ಯವ್ವಾ. ಮನ್ಯಾಗ ಬೈದ್ರೇನು?”

ಇಲ್ಲ, ಮೆಣಸಿನಕಾಯಿ ಎಂದು ಹೇಳಲು ಬಾಯಿ ತೆರೆದರೆ ಮತ್ತೊಂದು ಸೀನು ಬಂತು. ಅದು ಬಿಕ್ಕಿದಂತೆಯೇ ಕೇಳಿಸಿತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಂಪಯ್ಯ ಗಿಟಾರನ್ನು ಗೋಡೆಯಿಂದ ಇಳಿಸಿದವನು ಮತ್ತೆ ಗೋಡೆಗೇ ತೂಗುಹಾಕಿದ. ಮನೆಯಲ್ಲಿ ಜಗಳವಾಡಿ ಕೊಂಡ ಸಾಮಾನು ಯಾರಿಗೂ ದಕ್ಕುವುದಿಲ್ಲ, ತನಗೆ ಗೊತ್ತು, ಇದನ್ನು ಕೊಂಡಾಗ ತನ್ನ ಹೆಂಡತಿಯೂ ಹೀಗೇ ಅತ್ತಿದ್ದಳು ಎಂದ. ಹೆಂಡತಿ ಹೌದೆಂದು ತಲೆಯಾಡಿಸಿದಳು. ಕೊನೆಗೆ ಮಾರುವವನೇ ಕೇಳಿದ:

“ಮನ್ಯಾಗ ಒಂದು ಅದ ಅಂತೀರಿ. ಮತ್ತ ಇದ್ಯಾಕ್ರಿ ಮೇಡಂ?”

ಬೆಳಿಗ್ಗೆಯಿಂದ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟು ದಾನೇಶ್ವರಿಗೆ ಸಾಕಾಗಿತ್ತು. ದನಿ ದಪ್ಪ, ಹಾಡು ಬೇರೆ, ತಂತಿ ಬೇರೆ ಎಂದು ವಿವರಿಸುವ ಹಂಬಲ ಹೋಗಿತ್ತು. ಅವಳು ಮೂಗು ಒರೆಸಿಕೊಂಡು, ಎದ್ದು, ಗಿಟಾರನ್ನು ತಾನೇ ಗೋಡೆಯಿಂದ ಇಳಿಸಿದಳು.

“ಬೇಕಾಗ್ಯಾದ. ಅದಕ್ಕ ಬಂದೀನಿ. ಯಾಕಂತ ಹೇಳಂಗಿಲ್ಲ.”

ಅಲ್ಲೇ ಇದ್ದ ಸ್ಪೀಕರಿಗೆ ವೈರು ಜೋಡಿಸಿ ಒಂದು ಸಲ ಮೀಟಿದಳು. ದನಿ ಅಂಗಡಿಯ ಕಪಾಟಿನ ಗಾಜನ್ನು ನಡುಗಿಸಿ, ನೆಲದ ಬಂಡೆಯ ಮೂಲಕ ಅವಳ ಅಂಗಾಲಿಗೆ ಬಂತು. ಹಂಪಯ್ಯ ಕಣ್ಣು ಮುಚ್ಚಿದ. ಅವನ ಹೆಂಡತಿ, ಒಯ್ಯಲಿ ಬಿಡು, ಈಕೆಗೆ ಒಪ್ಪುತ್ತದೆ ಎಂದಳು. ಗಿಟಾರಿಗೆ ಚೀಲವಿರಲಿಲ್ಲ. ಹೂವಿನ ಹಳೆಯ ಚಾದರವೊಂದರಲ್ಲಿ ಸುತ್ತಿ ಕೊಟ್ಟರು.

ರಾಯಚೂರಿನ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಖತೀಜಾ ಬೀ ಎಂಬ ವಯಸ್ಸಾದ ಹೆಂಗಸು ಬಂದು ಕೂತಳು. ಮಗಳ ಮನೆಗೆ ಕಲ್ಮಲಕ್ಕೆ ಹೋಗುತ್ತಿರುವುದಾಗಿ ಹೇಳಿ ಹೆಸರು, ಊರು, ಮಂಡಿನೋವು ಎಲ್ಲ ತಿಳಿಸಿದ ಮೇಲೆ, ದಾನೇಶ್ವರಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಚಾದರದ ಗಂಟಿನ ಕಡೆ ಮರುಕದಿಂದ ನೋಡಿದಳು.

“ಕೂಸಿಗೆ ಬುಖಾರ್ ಬಂದದೇನು ಬೇಟಿ?”

ಅಲ್ಲ ಎನ್ನಬಹುದಿತ್ತು. ಆದರೆ ಅಲ್ಲ ಎಂದರೆ ಮತ್ತೇನು ಎಂಬ ಪ್ರಶ್ನೆ, ಮನೆಯಲ್ಲಿ ಒಂದಿದೆಯಲ್ಲ ಎಂಬ ಪ್ರಶ್ನೆ, ಎಲ್ಲ ಹೊಸದಾಗಿ ಶುರುವಾಗುತ್ತವೆ. ದಾನೇಶ್ವರಿ ಹೂಂ, ಜ್ವರ ಎಂದಳು. ಖತೀಜಾ ಬೀ ಕಂಡಕ್ಟರನ್ನು ಕರೆದು ಕಿಟಕಿ ಮುಚ್ಚಿಸಿದಳು. ಕಂಡಕ್ಟರ್, ಇಷ್ಟುದ್ದ ಹುಡುಗನಿಗೆ ಅರ್ಧ ಟಿಕೆಟ್ ಆಗುತ್ತದೆ ಎಂದ. ದಾನೇಶ್ವರಿ ತೆಗೆದುಕೊಂಡಳು. ಗಬ್ಬೂರಿನ ಹತ್ತಿರ ಬಸ್ಸು ಉಬ್ಬು ಹತ್ತಿ ಧೊಪ್ಪನೆ ಇಳಿದಾಗ ಕೂಸು ಹೊಟ್ಟೆಯೊಳಗಿಂದ “ಟ್ವಂಯ್” ಎಂದಿತು. ಖತೀಜಾ ಬೀ ನಿಧಾನವಾಗಿ ಎದ್ದು, ಮಂಡಿನೋವನ್ನೂ ಲೆಕ್ಕಿಸದೆ, ಕಲ್ಮಲ ಬರುವವರೆಗೆ ಬಾಗಿಲ ಹತ್ತಿರ ನಿಂತೇ ಪ್ರಯಾಣ ಮಾಡಿದಳು.

ಖಾಲಿಯಾದ ಸೀಟಿನ ಪಕ್ಕದಲ್ಲಿ ಕೂತು ದಾನೇಶ್ವರಿ ಮನೆಯಲ್ಲಿ ಆಡಬೇಕಾದ ಮಾತುಗಳನ್ನು ಸಿದ್ಧಮಾಡಿಕೊಂಡಳು. ತನ್ನ ಸಂಬಳ, ತನ್ನ ಬೆಳಗಿನ ನಿದ್ದೆ, ತನ್ನ ಬೆರಳ ತುದಿಯ ಗಟ್ಟಿ ಚರ್ಮ. ಅತ್ತೆ ಉಪವಾಸ ಕೂತಿದ್ದರೆ ತಾನೂ ಕೂಡುತ್ತೇನೆ. ಯಶೋಧಾ ಬಾಯಿ ಹಾಕಿದರೆ ಕುಕ್ಕರುಗಳನ್ನು ಒಂದೊಂದಾಗಿ ಹೊರಗೆ ತರಿಸುತ್ತೇನೆ. ಇನ್ನು ಮುಂದೆ ಯಾರಿಗೂ ಬಗ್ಗುವುದಿಲ್ಲ.

ಓಣಿಯ ತಿರುವಿನಲ್ಲಿ ಎದೆ ಸೆಟೆಸಿಕೊಂಡೇ ಬಂದಳು. ಅಂಗಳದಲ್ಲಿ ದೀಪ ಹಾಕಿತ್ತು, ಚಾಪೆ ಹಾಸಿತ್ತು. ಹೋಳಿಗೆಯ ವಾಸನೆ ಬರುತ್ತಿತ್ತು. ಯಮನಮ್ಮ ಮಡಿಕೆ ಬಿಚ್ಚದೆ ಪೆಟ್ಟಿಗೆಯಲ್ಲಿಟ್ಟಿದ್ದ ಇಳಕಲ್ಲ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು, ಚಾಪೆಯ ನಡುವೆ ಕೂತಿದ್ದಳು. ಪಕ್ಕದಲ್ಲಿ ಯಶೋಧಾ. ಬಾಗಿಲ ಹಿಂದೆ ಅರ್ಧ ಮುಖ ಮಾತ್ರ ಕಾಣುವಂತೆ ಅಂಬರೀಶ.

“ನೋಡ್ರಿ ಅತ್ತಿ, ಯಾರು ಏನಂದ್ರೂ—” ಎಂದು ದಾನೇಶ್ವರಿ ಶುರುಮಾಡಿದಳು.

ಯಮನಮ್ಮ ಎದ್ದು ಬಂದು ಚಾದರದ ಗಂಟನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಅವಳ ಕಣ್ಣು ತುಂಬಿದ್ದವು, ಅದೂ ಮೆಣಸಿನಕಾಯಿ ಇಲ್ಲದೆ.

“ನನಗಂತ ದೇವದುರ್ಗದ ತನಕ ಹೋಗಿ ಬಂದ್ಯಾ ಯವ್ವಾ. ನಾ ಮುಂಜಾನಿ ನಿನಗ ಏನೇನೋ ಅಂದೆ.”

ದಾನೇಶ್ವರಿ ಗಂಡನ ಕಡೆ ನೋಡಿದಳು. ಆ ಅರ್ಧ ಮುಖವೂ ಬಾಗಿಲ ಹಿಂದೆ ಹೋಯಿತು.

ಆಮೇಲೆ ಅವನು ಅಡುಗೆಮನೆಯಲ್ಲಿ ಪಿಸುಗುಟ್ಟಿ ಹೇಳಿದ್ದು ಇಷ್ಟು. ಬೆಳಿಗ್ಗೆ ಅವ್ವ ರೊಟ್ಟಿ ಮುಟ್ಟಲಿಲ್ಲ. ಒಬ್ಬಳಿಗೆ ಎರಡು ಯಾಕೆ ಎಂದು ಕೇಳಿದ್ದನ್ನೇ ಕೇಳಿದಳು. ಸಮಾಧಾನಕ್ಕೆಂದು, ಒಬ್ಬಳಿಗೆ ಎರಡಲ್ಲ, ಎರಡನೆಯದು ನಿನಗೆ, ಹೇಳಬಾರದೆಂದಿದ್ದಾಳೆ ಎಂದುಬಿಟ್ಟ. ಅವ್ವ ನಗಬಹುದು, ಬೇಡ ಎನ್ನಬಹುದು ಎಂದುಕೊಂಡಿದ್ದ. ಅವಳು ನಗಲಿಲ್ಲ. ರೊಟ್ಟಿ ತಿಂದು, ಸೀರೆ ಬದಲಿಸಿ, ಓಣಿಯ ತುಂಬ ಹೇಳಿ ಬಂದಳು. ಇದನ್ನು ತಿಳಿಸಲು ಅವನಿಗೆ ಧೈರ್ಯ ಬಂದದ್ದು ಮಧ್ಯಾಹ್ನ, ಅಷ್ಟರಲ್ಲಿ ಅವಳ ಫೋನು ಸತ್ತಿತ್ತು.

ಅವನಿಗೆ ಅನ್ನಬೇಕಾದದ್ದು ದಾನೇಶ್ವರಿಯ ಬಾಯಲ್ಲಿ ಬೇಕಾದಷ್ಟಿತ್ತು. ಆದರೆ ಅಂಗಳದಿಂದ ಯಮನಮ್ಮನ ದನಿ ಬರುತ್ತಿತ್ತು. ತವರೂರು ಬಾಗಲವಾಡದಲ್ಲಿ ಅವಳ ಅಪ್ಪ ಏಕತಾರಿ ಹಿಡಿದು ಭಜನೆಗೆ ಕೂಡುತ್ತಿದ್ದನಂತೆ. ಇವಳಿಗೂ ಬಾರಿಸುವ ಆಸೆ. ಗಂಡುಮಕ್ಕಳು ಮುಟ್ಟಿದರೆ ಸುಮ್ಮನಿರುತ್ತಿದ್ದವನು ಇವಳು ಕೈಚಾಚಿದರೆ ಬೆರಳಿಗೆ ಹೊಡೆಯುತ್ತಿದ್ದನಂತೆ. ಐದು ಗಂಟೆಗೆ ಸೊಸೆ ಬಾರಿಸುವಾಗ ತಾನು ಮಲಗಿರಲಿಲ್ಲ, ಕೇಳುವ ಕಿವಿಯನ್ನು ಗೋಡೆಯ ಕಡೆ ಮಾಡಿ ಕೇಳುತ್ತಿದ್ದೆ ಎಂದು ಯಶೋಧಾಳಿಗೆ ಹೇಳುತ್ತಿದ್ದಳು.

ಬಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದ ಮಾತುಗಳೆಲ್ಲ ದಾನೇಶ್ವರಿಗೆ ಕೆಲಸಕ್ಕೆ ಬಾರದೆ ಹೋದವು. ಊರನ್ನೆಲ್ಲ ಎದುರುಹಾಕಿಕೊಂಡು ಗೆದ್ದು ತಂದದ್ದನ್ನು, ಎದುರು ನಿಲ್ಲುವವರೇ ಇಲ್ಲದ ಅಂಗಳದಲ್ಲಿ, ಒಂದು ಮಾತೂ ಆಡದೆ ಬಿಟ್ಟುಕೊಡಬೇಕಾಯಿತು. ಹೊರಗೆ ಬಂದು ಅತ್ತೆಯ ತೊಡೆಯ ಮೇಲೆ ಗಿಟಾರನ್ನು ಸರಿಯಾಗಿ ಕೂಡಿಸಿದಳು. ಮನೆಯಲ್ಲಿ ಇದ್ದದ್ದು ಒಂದೇ ಸ್ಪೀಕರ್ ಡಬ್ಬಿ. ಅದರ ವೈರನ್ನು ತನ್ನ ಕರಿ ಗಿಟಾರಿನಿಂದ ಕಿತ್ತು ಕೆಂಪು ಗಿಟಾರಿಗೆ ಚುಚ್ಚಿದಳು.

ಯಮನಮ್ಮ ಎಲ್ಲ ತಂತಿಗಳನ್ನೂ ಒಂದೇ ಏಟಿಗೆ ಎಳೆದಳು. ಓಣಿಯ ನಾಯಿಗಳು ಎದ್ದು ನಿಂತವು. ಎದುರುಮನೆಯ ಕಿಟಕಿ ತೆರೆಯಿತು. ಯಶೋಧಾ ಕಿವಿ ಮುಚ್ಚಿಕೊಂಡು, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ದೊಡ್ಡವ್ವಾ ಎಂದಳು.

“ನಿನ್ನ ಕೇಳಿ ತರಬೇಕಿತ್ತೇನು?” ಎಂದಳು ಯಮನಮ್ಮ, ತಲೆ ಎತ್ತದೆ. ಆಮೇಲೆ ಸೊಸೆಯ ಕಡೆ ತಿರುಗಿ, “ದಿನಾ ಐದಕ್ಕ ಏಳ್ತೀನಿ. ಆ ಒಂದು ತಾಸು ನನಗ ಕಲಿಸು. ಆಮ್ಯಾಲೆ ನಿನ್ನ ಕೆಲಸ ನೀ ಮಾಡ್ಕೊ.”

ದಾನೇಶ್ವರಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿ ಕರಿ ಗಿಟಾರನ್ನು ತೊಡೆಗೆ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಅತ್ತೆಯ ಒಂದು ಬೆರಳನ್ನು ಹಿಡಿದು ದಪ್ಪ ತಂತಿಯ ಮೇಲೆ ಇಟ್ಟು, ಇದೊಂದನ್ನೇ ಮೀಟಬೇಕು, ನಿಧಾನ, ಎಂದು ತೋರಿಸಿದಳು. ಎದುರುಮನೆಯ ಕಿಟಕಿಯಿಂದ ಯಾರೋ ಸಾಕು ಮಾಡ್ರಿ ಎಂದು ಕೂಗಿದರು.

“ಏನಂತಾರ?” ಎಂದು ಯಮನಮ್ಮ ಕೇಳಿದಳು.

“ಕೇಳಸವಲ್ದಂತ.”

“ಹಂಗಾದ್ರ ಇನ್ನಷ್ಟು ಏರಸು.”

ದಾನೇಶ್ವರಿ ಡಬ್ಬಿಯ ಗುಂಡಿಯನ್ನು ಕೊನೆಯ ತನಕ ತಿರುಗಿಸಿದಳು. ಯಮನಮ್ಮ ಮೀಟಿದಳು. ಜೊತೆಗೆ ದಾನೇಶ್ವರಿಯೂ ಬಾರಿಸಿದಳು. ತನ್ನ ಗಿಟಾರಿನ ದನಿ ಅವಳಿಗೂ ಕೇಳಿಸಲಿಲ್ಲ.