ಕೂತವನ ನೆಗಡಿ

ನೀರು ಸರಬರಾಜು ಕಚೇರಿಯ ಬಿಲ್ಲಿನ ಗುಮಾಸ್ತನಿಗೆ ಅಂದು ಬೆಳಗ್ಗೆ ಒಂದು ಸೀನು ಬಂತು. ಬರಬಾರದ ದಿನವೇ ಬಂತು. ಕುರ್ಚಿಯಲ್ಲಿ ಗೂಟ ಹೊಡೆದುಕೊಂಡು ಕೂರುತ್ತಿದ್ದ ಅವನನ್ನು ಎಲ್ಲರೂ ಗೂಟಪ್ಪ ಎಂದೇ ಕರೆಯುತ್ತಿದ್ದರು. ಊಟ, ಕಾಫಿ, ತೂಕಡಿಕೆ ಎಲ್ಲವೂ ಅಲ್ಲೇ. ಈಗ ಆ ಕುರ್ಚಿಗೇ ಸಂಚಕಾರ ಬಂದಿತ್ತು. ಹೊಸ ಅಧಿಕಾರಿ ಮೇಡಂ ಅಂದು ಬಂದು, ಒಳಗಿನ ಒಬ್ಬನನ್ನು ಮನೆಮನೆ ಅಲೆದು ಮೀಟರ್ ನೋಡುವ ಕೆಲಸಕ್ಕೆ ಹಾಕಿ, ಅಲೆಯುವವನೊಬ್ಬನನ್ನು ಒಳಗೆ ಕೂರಿಸುವವರಿದ್ದರು.

"ನನ್ನನ್ನ ಯಾರು ಏಳಿಸ್ತಾರೆ?" ಎಂದು ಗೂಟಪ್ಪ ಧೈರ್ಯವಾಗಿಯೇ ಹೇಳಿದ. ಕೇಳಿಸಿದ್ದು ಮಾತ್ರ "ದದ್ದದ್ದ ಯಾರು ಏಳಿಸ್ತಾರೆ?" ಮೂಗು ಕಟ್ಟಿಹೋಗಿ 'ನ' ಎಂದರೆ 'ದ', 'ಮ' ಎಂದರೆ 'ಬ' ಆಗುತ್ತಿತ್ತು.

"ಕೂತೂ ಕೂತೂ ಹೀಗಾಗಿರೋದು," ಎಂದಳು ಟೈಪಿಸ್ಟ್ ಅಕ್ಕ. "ದಿನವಿಡೀ ಕೂತಿರೋರಿಗೆ ವೈರಸ್ ತಗುಲಿದ್ರೆ ಮೂಗು, ಗಂಟಲು, ಕೆಮ್ಮು ಎಲ್ಲಾ ಜಾಸ್ತಿಯಂತೆ. ಪೇಪರಲ್ಲಿ ಓದಿದೀನಿ. ಏಳಪ್ಪಾ, ಓಡಾಡು!"

"ದಾದು ಕೂತಿರೋದು ವೈರಸ್‌ಗೆ ಹೇಗೆ ಗೊತ್ತಾಗುತ್ತೆ?"

"ಅದು ಬಿಡಿ ಅಣ್ಣಾ," ಎಂದ ಮೀಟರ್ ನೋಡುವವನು, ಸವೆದ ಚಪ್ಪಲಿ ಬಿಚ್ಚಿ ಕಾಲೊತ್ತಿಕೊಳ್ಳುತ್ತಾ. "ಮೇಡಂ ಮುಖಕ್ಕೇ ಸೀನಿಬಿಟ್ರೆ?"

ಈ ಮಾತು ನಾಟಿತು. ಮೇಡಂ ಬರುವುದರೊಳಗೆ ನೆಗಡಿಯನ್ನು ಓಡಿಸಿಯೇ ಸೈ ಎಂದು ಗೂಟಪ್ಪ ಮಹಡಿ ಮೆಟ್ಟಿಲು ಹತ್ತಿಳಿಯಲು ಎದ್ದ. ಕುರ್ಚಿ ಕಿರ್ರೆಂದು ನಿಟ್ಟುಸಿರು ಬಿಟ್ಟಿತು.

"ಬರಿಗೈಲಿ ಯಾಕೆ ಹತ್ತೀಯ? ಈ ಬಿಲ್ಲುಗಳನ್ನ ಮೇಲೆ ಕೊಟ್ಟು ಬಾ," ಎಂದು ಅಕ್ಕ ಒಂದು ಕಟ್ಟು ಹೇರಿದಳು. ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಎರಡನೇ ಸೀನು ಬಂತು. ಬಿಲ್ಲುಗಳು ಕಾಳು ಕಂಡ ಪಾರಿವಾಳಗಳಂತೆ ಕೆಳಗಿಳಿದವು. ಗೂಟಪ್ಪ ಅವುಗಳ ಹಿಂದೆ ಓಡಿದ, ಹೆಕ್ಕಿದ, ಮತ್ತೆ ಹತ್ತಿದ, ಮತ್ತೆ ಸೀನಿದ. ಮತ್ತೆ ಕೆಳಗೆ ಓಡಿ ಬಂದಾಗ ಬಾಗಿಲಲ್ಲಿ ಮೇಡಂ ನಿಂತಿದ್ದರು.

"ಅಬ್ಬಾ, ಈ ಆಫೀಸಲ್ಲಿ ಓಡಾಡಿ ಕೆಲಸ ಮಾಡೋರೂ ಇದಾರೆ!" ಎಂದು ಅವರು ಮೆಚ್ಚಿಕೊಂಡರು. "ಬಿಲ್ಲಿನ ಕುರ್ಚಿ ನಿಮ್ಮದೇ ಅಲ್ವಾ? ಅದು ನಿಮಗೇ ಇರ್ಲಾ?"

ಗೂಟಪ್ಪನ ಕಣ್ಣು ತುಂಬಿಬಂತು. ಎರಡೂ ಕೈ ಜೋಡಿಸಿ, ಕೃತಜ್ಞತೆಯಿಂದ "ಮೇಡಂ! ಮೇಡಂ!" ಎಂದ. ಹೊರಬಂದದ್ದು, "ಬೇಡಬ್! ಬೇಡಬ್!"

"ಕುರ್ಚಿ ಬೇಡ ಅನ್ನೋ ಗುಮಾಸ್ತರನ್ನ ನಾನು ಇವತ್ತೇ ನೋಡಿದ್ದು!" ಮೇಡಂ ಮೀಟರ್‌ನವನ ಕಡೆ ತಿರುಗಿದರು. "ಹಾಗಾದ್ರೆ ನೀವು ಒಳಗೆ ಬನ್ನಿ."

ಮಾತು ಮುಗಿಯುವುದರೊಳಗೆ ಅವನು ಕೂತಾಗಿತ್ತು.

"ಅಯ್ಯೋ, ಹಾಗಲ್ಲ ಬೇಡಬ್!"

"ಗೊತ್ತಾಯ್ತು ಬಿಡಿ, ಎಷ್ಟು ಸಲ ಬೇಡ ಅಂತೀರಿ," ಎನ್ನುತ್ತಾ ಮೇಡಂ ಮಹಡಿ ಹತ್ತಿದರು.

ಗೂಟಪ್ಪ ಎದ್ದೆನೋ ಬಿದ್ದೆನೋ ಎಂದು ಹಿಂದೆಯೇ ಓಡಿದ. ಅಕ್ಕನೂ ಓಡಿದಳು. ಮೇಲಿನ ಮೆಟ್ಟಿಲು ಮುಟ್ಟುವಷ್ಟರಲ್ಲಿ, ಅದೇನು ಪುಣ್ಯವೋ, ಮೂಗು ಸೊರ್ರೆಂದು ಬಿಟ್ಟುಕೊಂಡಿತು.

"ಮೇಡಂ! ನನಗೆ ನನ್ನ ಕುರ್ಚಿಯೇ ಬೇಕು, ಮೇಡಂ!" ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು.

ಮೇಡಂ ಬಾಯಿ ತೆರೆಯುವ ಮೊದಲೇ ಅಕ್ಕ ಚಪ್ಪಾಳೆ ತಟ್ಟಿದಳು. "ನೋಡಿದ್ರಾ ಮೇಡಂ! ಮೆಟ್ಟಿಲು ಹತ್ತಿದ್ದಕ್ಕೇ ಮೂಗು ಬಿಡ್ತು! ಮತ್ತೆ ಕೂರಿಸಿದ್ರೆ ನಾಳೆಗೇ ಕಟ್ಕೊಳ್ಳುತ್ತೆ, ಪಾಪ."

ಮೇಡಂ ಗೂಟಪ್ಪನನ್ನು ಕನಿಕರದಿಂದ ನೋಡಿದರು.

"ಛೆ ಛೆ, ಆ ಪಾಪ ನಮಗೆ ಬೇಡ. ಗುಡ್ಡದ ಮೇಲಿನ ಬೀದಿಗಳ ಮೀಟರ್‌ಗಳೂ ಇವರಿಗೇ ಇರಲಿ."