ಗುಗ್ಗರಿ ಸೌಟಿಗೆ ಒಂದು ಟ್ರಂಕು ಹತ್ಯಾರ

ಕಬ್ಬಿಣದ ಸಾಮಾನಿನ ಅಂಗಡಿಗೆ ಬುದ್ಧಿವಂತರು ಬರುವುದಿಲ್ಲ ಅಂತಲ್ಲ. ಬರುತ್ತಾರೆ, ಮೊಳೆ ಒಯ್ಯುತ್ತಾರೆ, ಹೋಗುತ್ತಾರೆ. ಅವರ ಮುಖವೂ ನೆನಪಿರುವುದಿಲ್ಲ. ಎಂಬತ್ತರ ದಶಕದಲ್ಲಿ ಕಲಘಟಗಿ ಬಸ್ ಸ್ಟ್ಯಾಂಡಿನ ಬಾಜು ಅಂಗಡಿ ಇಟ್ಟುಕೊಂಡು ಕೂತಿದ್ದ ನನ್ನನ್ನು ನಗಿಸಿ ಸಾಕಿದವರು ಉಳಿದ ಗಿರಾಕಿಗಳು. ಅವರಲ್ಲಿ ಮೊದಲ ಪಂಕ್ತಿ ನಮ್ಮ ಓಣಿಯ ರಿಟೈರಾದ ಹೆಡ್‌ಮಾಸ್ತರದ್ದು.

ಶಪಥ

ಹೆಡ್‌ಮಾಸ್ತರ ಮಗಳಿಗೆ ಚೊಚ್ಚಲ ಬಸುರು. ಸೀಮಂತದ, ನಮ್ಮ ಕಡೆಯ ಕುಬಸದ, ಊಟಕ್ಕೆ ಕೂತಾಗ ದೇವಿಕೊಪ್ಪದ ಬೀಗರು, ಭತ್ತ ಕಬ್ಬು ಅಂತ ಜೀವಮಾನವಿಡೀ ಕೆಸರಲ್ಲಿ ನಿಂತವರು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಒಂದು ಮಾತು ಬಿಟ್ಟರು.

“ಮಾಸ್ತರ ಕೈಗೆ ಛಡಿ ಹಿಡಿಯೂದು ಬಿಟ್ರ ಬ್ಯಾರೆ ಏನ್ ಬರತೈತ್ರಿ?”

ಪಂಕ್ತಿಯೆಲ್ಲ ನಕ್ಕಿತು. ಹೆಡ್‌ಮಾಸ್ತರು ಮಾತ್ರ ನಗಲಿಲ್ಲ. ಮೊಮ್ಮಗುವಿನ ಹೆಸರಿಡುವ ದಿನ ತಾವೇ ಕೆತ್ತಿದ ಕಟ್ಟಿಗೆಯ ಸೌಟಿನಿಂದ ಬೀಗರ ಕೈಗೆ ಗುಗ್ಗರಿ ಹಾಕುತ್ತೇನೆ, ಆಗದಿದ್ದರೆ ಇನ್ನು ಮುಂದೆ ಅವರ ಎದುರು ಬಾಯಿ ತೆಗೆಯುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿಬಿಟ್ಟರು. ಮಾತಾಡದೆ ಇರುವುದೆಂದರೆ ಅವರಿಗೆ ಉಪವಾಸಕ್ಕಿಂತ ಕಷ್ಟ. ಹಾಗಾಗಿ ಇದು ಸಣ್ಣ ಪಣವೇನಲ್ಲ.

ಮರುದಿನವೇ ನನ್ನ ಅಂಗಡಿಗೆ ಬಂದರು. ಹೊಸದಾಗಿ ಕೈ ಹಚ್ಚುವವರಿಗೆ ಒಂದು ಸಣ್ಣ ಕೊಡಲಿ, ಒಂದು ಚಾಕು, ಸೌಟಿನ ಗುಣಿ ತೆಗೆಯಲು ಬಾಯಿ ದುಂಡಗಿರುವ ಒಂದು ಉಳಿ, ಇಷ್ಟಿದ್ದರೆ ಸಾಕು ಅಂದೆ. ಮಗ್ಗಿ ತಪ್ಪಿದ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿದರು. ಕಲಿಯುವವನ ಹತ್ತಿರ ಎಲ್ಲಾ ಇರಬೇಕು, ಕಲಿತವನು ಬೇಕಾದರೆ ಕಡಿಮೆ ಮಾಡಿಕೊಳ್ಳಲಿ ಎಂಬುದು ಅವರ ವಾದ. ಅಗಲದ ಉಳಿ, ಸಪೂರ ಉಳಿ, ಬಾಚಿ, ಗರಗಸ, ಅರ, ಹೀಗೆ ಎಲ್ಲಾ ಹತ್ಯಾರ ಕಟ್ಟಿಸಿಕೊಂಡರು. ಕೊನೆಗೆ ಗೌಂಡಿಗಳ ಕರಣಿಯನ್ನೂ ಎತ್ತಿಕೊಂಡರು. ಅದು ಗಿಲಾವು ಮಾಡುವುದಕ್ಕೆ ಅಂದೆ. ಕೈಗೆ ಚೆನ್ನಾಗಿ ಕೂರುತ್ತದೆ, ಇರಲಿ ಅಂದರು. ಗಿರಾಕಿಗೆ ಎರಡನೇ ಸಲ ಬುದ್ಧಿ ಹೇಳುವ ಚಟ ನನಗಿಲ್ಲ.

ಸ್ವಲ್ಪ ದಿನ ಬಿಟ್ಟು ಮತ್ತೆ ಬಂದು, ಕೀಲಿ ಹಾಕುವಂಥ ಟ್ರಂಕು ಕೇಳಿದರು. ಸೌಟು ಎಲ್ಲಿಗೆ ಬಂತು ಅಂತ ವಿಚಾರಿಸಿದೆ.

“ಅವಸರ ಯಾಕ್ರಿ ಸಾವಕಾರ್ರ? ಮೊದಲ ಹತ್ಯಾರಕ್ಕ ಒಂದು ಮನಿ ಆಗಲಿ.”

ಹಾಲಿನ ಅಭಿಷೇಕ

ಹೊಸ ಹತ್ಯಾರವನ್ನು ಪೂಜೆಯಿಲ್ಲದೆ ಮುಟ್ಟುವುದು ನಮ್ಮ ಕಡೆ ರೂಢಿಯಲ್ಲ. ನಮ್ಮ ರೈತ ಕೂರಿಗೆಗೆ ವಿಭೂತಿ ಹಚ್ಚಿ, ಕೈಮುಗಿದು, ಹೊಲದ ದಾರಿ ಹಿಡಿಯುತ್ತಾನೆ. ಹೆಡ್‌ಮಾಸ್ತರು ಓದಿದವರು, ಅಷ್ಟಕ್ಕೇ ನಿಲ್ಲುತ್ತಾರೆಯೇ? ಅಯ್ಯನವರನ್ನು ಕರೆಸಿ, ಎಲ್ಲವನ್ನೂ ಮಣೆಯ ಮೇಲೆ ಹರವಿ, ಹಾಲು ಮೊಸರು ತುಪ್ಪ ಜೇನುತುಪ್ಪ ಸಕ್ಕರೆ ಸುರಿದು ಪಂಚಾಮೃತ ಅಭಿಷೇಕ ಮಾಡಿಸಿದರು. ಒರೆಸಿದರೆ ಪುಣ್ಯ ಹೋಗುತ್ತದೆ ಅಂತ ಒರೆಸಲಿಲ್ಲ. ಆ ವಾರ ಕೆಲಸ ಶುರು ಮಾಡಲು ಒಳ್ಳೆಯ ದಿನ ಇರಲಿಲ್ಲವಂತೆ. ಹಸಿಹಸಿಯಾಗಿಯೇ ಟ್ರಂಕಿನಲ್ಲಿಟ್ಟು ಕೀಲಿ ಜಡಿದರು.

ಒಳ್ಳೆಯ ದಿನ ಬಂದು ಟ್ರಂಕು ತೆಗೆದರೆ ಒಳಗೆ ಹತ್ಯಾರವೆಲ್ಲ ಇಟ್ಟಂಗಿ ಬಣ್ಣಕ್ಕೆ ತಿರುಗಿತ್ತು. ಸೈಕಲ್ಲಿನ ಕ್ಯಾರಿಯರಿಗೆ ಟ್ರಂಕು ಕಟ್ಟಿಕೊಂಡು ನೇರ ನನ್ನ ಅಂಗಡಿಗೆ ತಂದರು. ನಿಮ್ಮ ಮಾಲಿನಲ್ಲಿ ದಮ್ ಇಲ್ಲ, ಬಳಸುವ ಮೊದಲೇ ಜಂಗು ಹಿಡಿದಿದೆ ಅಂತ ನಾಲ್ಕು ಜನರ ಎದುರು ನನ್ನನ್ನು ಝಾಡಿಸಿದರು. ಅಷ್ಟರಲ್ಲಿ ಟ್ರಂಕಿನ ಸಂದಿಯಿಂದ ಇರುವೆಯ ಸಾಲು ಹೊರಟು ನನ್ನ ಗಲ್ಲಾಪೆಟ್ಟಿಗೆಯ ಕಡೆ ನಡೆದಿತ್ತು. ಕಟ್ಟೆಯ ಮೇಲೆ ಕೂತಿದ್ದ ತೊಟ್ಟಿಲು ಮಾಡುವ ಬಡಗಿ ಬಗ್ಗಿ ನೋಡಿದ.

“ಮಾಲು ಕೆಟ್ಟಿಲ್ರಿ ಸರ. ಪ್ರಸಾದಕ್ಕ ಬಂದ ಮಂದಿ ಜಾಸ್ತಿ ಆಗ್ಯಾರ.”

ಬಡಗಿಯ ಬಡಾಯಿ

ಈ ಬಡಗಿಯನ್ನೂ ಸುಮ್ಮನೆ ಬಿಡುವ ಹಾಗಿಲ್ಲ. ನಮ್ಮೂರ ಬಣ್ಣದ ತೊಟ್ಟಿಲು ದೂರದೂರಕ್ಕೆ ಹೋಗುತ್ತದೆ. ಅದರ ಜೊತೆಗೆ ತನ್ನ ಹೆಸರೂ ಹೋಗಿದೆ ಅಂತ ಅವನ ಎದೆ ಯಾವಾಗಲೂ ಉಬ್ಬಿರುತ್ತಿತ್ತು. ಹೆಡ್‌ಮಾಸ್ತರು ಸಲಹೆ ಕೇಳಿದ್ದಕ್ಕೆ ಅವರ ಟ್ರಂಕನ್ನು ಕಾಲಿನಿಂದ ಆಚೆ ಸರಿಸಿ, ಇವೆಲ್ಲ ಆಟಿಗೆ ಸಾಮಾನು, ತನ್ನ ಅಪ್ಪನ ಕಾಲದ ಬಾಚಿಯೊಂದಿದ್ದರೆ ಸೌಟೇನು, ರಥವನ್ನೇ ಕೆತ್ತಬಹುದು ಅಂದ. ಅದನ್ನು ಒಂದು ದಿನ ಕೊಡಪ್ಪಾ ಅಂದರೆ, ಹೆಂಡತಿ ಕೈಗೂ ಕೊಟ್ಟಿಲ್ಲ ಅಂದ. ಹೋಗಲಿ, ಹಸಿ ಕಟ್ಟಿಗೆ ತಗೊಳ್ಳಿ, ಮೆತ್ತಗಿರುತ್ತದೆ ಎಂದು ಒಂದು ಒಳ್ಳೆಯ ಮಾತು ಹೇಳಿದ. ಅವನು ಆಡಿದ್ದರಲ್ಲಿ ಉಪಯೋಗದ್ದು ಅದೊಂದೇ, ಹೆಡ್‌ಮಾಸ್ತರು ಬಿಟ್ಟಿದ್ದೂ ಅದೊಂದನ್ನೇ. ಹಸಿ ಕಟ್ಟಿಗೆಯನ್ನು ನಂಬಬಾರದು ಅಂತ ಬಿಸಿಲಲ್ಲಿ ಒಣಗಿ ಕಲ್ಲಾದ ಜಾಲಿಯ ತುಂಡು ಹುಡುಕಿ ತಂದರು.

ಆ ಸಿಟ್ಟು ಒಳಗಿತ್ತೋ ಏನೋ, ಹೆಡ್‌ಮಾಸ್ತರು ಒಂದು ದಿನ ಅವನ ಮನೆಗೆ ಹೋಗಿ ನೋಡಿಬಂದರು. ಊರಿಗೆಲ್ಲ ತೊಟ್ಟಿಲು ಕೊಡುವವನ ಕೂಸು ಹಳೇ ಸೀರೆಯ ಜೋಳಿಗೆಯಲ್ಲಿ ತೂಗುತ್ತಿತ್ತು. ಯಾಕಪ್ಪಾ ಹೀಗೆ ಅಂತ ಅಂಗಡಿ ಕಟ್ಟೆಯ ಮೇಲೆ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ಬಡಗಿ ಬೀಡಿ ಆರಿಸಿದ.

“ನಾ ಮಾಡಿದ ತೊಟ್ಟಲಾ ನನಗ ತುಟ್ಟಿ ಆಗತದರಿ.”

ಅಡಿಗೆಮನೆಗೆ ಕೀಲಿ

ಒಣ ಜಾಲಿಗೆ ಚಾಕು ತಾಗಿಸಿದ ದಿನವೇ ತುದಿ ಮುರಿಯಿತು. ಉಳಿಯ ಬಾಯಿ ಮಡಚಿತು. ಹೊಸ ಹತ್ಯಾರ ಹಾಳಾಗುವುದು ನೋಡಲಾರದೆ ಹೆಡ್‌ಮಾಸ್ತರು ಎಲ್ಲಕ್ಕೂ ಎಣ್ಣೆ ಹಚ್ಚಿ ಟ್ರಂಕಿಗೆ ಹಾಕಿದರು. ಆಮೇಲೆ ಮನೆಯವರು, ಅಂದರೆ ಹೆಂಡತಿ, ನೀರಿಗೆ ಹೋದಾಗಲೆಲ್ಲ ಅವರ ಇಳಗಿ ಎಳೆದುಕೊಂಡು ಕೂತು ಕೆತ್ತತೊಡಗಿದರು. ಬದನೆಕಾಯಿ ಹೆಚ್ಚುವ ಇಳಗಿ ಜಾಲಿಗೆ ಎಷ್ಟು ದಿನ ತಡೆದೀತು? ಆ ಮನೆಯಲ್ಲಿ ಪಲ್ಯವನ್ನು ಕೈಯಿಂದ ಹರಿದು ಮಾಡುವ ಕಾಲ ಬಂತು.

ಅತ್ತ ಸೌಟು ದಿನದಿನಕ್ಕೆ ಸೊರಗುತ್ತಿತ್ತು. ಒಂದು ಕಡೆ ಜಾಸ್ತಿ ಕೆತ್ತಿದರೆ ಸರಿಗಟ್ಟಲು ಇನ್ನೊಂದು ಕಡೆ ಕೆತ್ತಬೇಕಲ್ಲ? ಗುಣಿ ತೆಗೆಯಬೇಕಾದ ಅಗಲವೆಲ್ಲ ಹೀಗೆ ಸರಿಗಟ್ಟುವುದರಲ್ಲೇ ಮುಗಿಯಿತು. ಉದ್ದಕ್ಕೆ ಮಾತ್ರ ಏನೂ ಆಗಲಿಲ್ಲ.

ಹೆರಿಗೆಗೆ ಬಂದ ಮಗಳು ಹಡೆದ ಸುದ್ದಿ ಕೇಳಿದ ವಾರದಲ್ಲೇ ಹೆಡ್‌ಮಾಸ್ತರ ಮನೆಯವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಅದೇ ಮೊದಲ ಸಲ.

“ಟ್ರಂಕಿನ ಕೀಲಿಗಿಂತ ದೊಡ್ಡದು ಕೊಡ್ರಿ ಅಣ್ಣಾರ, ಅಡಗಿಮನಿಗೆ. ಅವರ ಹತ್ಯಾರ ಯಾರೂ ಕದಿಯಂಗಿಲ್ಲ. ನನ್ನ ಇಳಗಿ ಅವರೇ ಕದೀತಾರ.”

ಹೆಸರಿಟ್ಟ ದಿನ

ನನಗೂ ಕರೆ ಇತ್ತು, ಹೋಗಿದ್ದೆ. ಪಡಸಾಲೆಯಲ್ಲಿ ಬಣ್ಣದ ತೊಟ್ಟಿಲು, ಅದರ ಬಾಜು ಬುಟ್ಟಿ ತುಂಬ ಕುದಿಸಿದ ಗೋಧಿ ಕಡಲೆಯ ಗುಗ್ಗರಿ. ದೇವಿಕೊಪ್ಪದ ಬೀಗರು ಮುಂದಿನ ಸಾಲಿನಲ್ಲಿ ಕೂತಿದ್ದರು. ಹೆಡ್‌ಮಾಸ್ತರು ಶಲ್ಯ ಬಿಚ್ಚಿ ಸೌಟು ಹೊರತೆಗೆದರು. ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು. ಬೀಗರು ಎರಡೂ ಕೈ ಜೋಡಿಸಿ ಬೊಗಸೆ ಹಿಡಿದರು. ಸೌಟು ಬುಟ್ಟಿಯೊಳಗೆ ಹೋಗಿ ಒಂದೇ ಒಂದು ಕಡಲೆಯನ್ನು ಹೊತ್ತು ಮೇಲೆ ಬಂತು. ಅದೂ ದಾರಿಯಲ್ಲಿ ಉರುಳಿ ಚಾಪೆಯ ಕೆಳಗೆ ಸೇರಿತು. ಬೀಗರು ಸಂಭಾವಿತರು, ತೊಲೆ ನೋಡುತ್ತ ಬೊಗಸೆ ಹಿಡಿದೇ ಕೂತರು. ಮತ್ತೆ ಮತ್ತೆ ಅದ್ದಿದರೂ ಅದೇ ಕತೆ. ಸೌಟು ಬುಟ್ಟಿಯ ಪಕ್ಕಕ್ಕೆ ಇಳಿಯಿತು.

ಅಷ್ಟರಲ್ಲಿ ಹೆಂಗಸರು ತೊಟ್ಟಿಲು ಸುತ್ತುಗಟ್ಟಿದರು. ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಉಳಿದವರು ಅವಳ ಬೆನ್ನಿಗೆ ಗುದ್ದುವುದು ನಮ್ಮಲ್ಲಿ ಪದ್ಧತಿ. ಈ ಅತ್ತೆ ಬೀಗರ ಸ್ವಂತ ಮಗಳು. ಹೆಡ್‌ಮಾಸ್ತರ ಮನೆಯವರ ಕೈಗೆ ಬುಟ್ಟಿಯ ಪಕ್ಕದ ಸೌಟು ಸಿಕ್ಕಿತು. ಇಳಗಿಯ ಸಿಟ್ಟೆಲ್ಲ ತೋಳಿಗೆ ಬಂದಿರಬೇಕು, ಬಾರಿಸಿದ ಸಪ್ಪಳ ಅಂಗಳದವರೆಗೆ ಕೇಳಿತು. ಕೂಸಿನ ಕಿವಿಗೆ ಹೆಸರಿನ ಬದಲು “ಅಯ್ಯೋ ಯವ್ವಾ” ಬಿತ್ತು. ಕೂಸು ಕಿಟಾರನೆ ಕಿರುಚಿತು.

ಹೆಡ್‌ಮಾಸ್ತರು ಎದ್ದು ಓಡಿದರು. ಅತ್ತೆಯ ಕಡೆ ನೋಡಲಿಲ್ಲ, ಕೂಸಿನ ಕಡೆಯೂ ನೋಡಲಿಲ್ಲ. ಸೌಟನ್ನು ಕಸಿದು ಬೆಳಕಿಗೆ ಹಿಡಿದು, ಉದ್ದಕ್ಕೂ ಬೆರಳಾಡಿಸಿದರು.

“ಏನೂ ಆಗಿಲ್ರಿ. ಒಂದು ಸೀಳೂ ಬಿಟ್ಟಿಲ್ಲ.”

ಬೀಗರು ನಿಧಾನವಾಗಿ ಎದ್ದು ಬಂದು ಸೌಟು ಇಸಿದುಕೊಂಡರು. ಗಾಳಿಯಲ್ಲಿ ಒಮ್ಮೆ ಬೀಸಿದರು, ಸುಯ್ ಅಂತು. ಮತ್ತೆ ಎರಡೂ ಕೈಯಿಂದ ಹೆಡ್‌ಮಾಸ್ತರಿಗೇ ಒಪ್ಪಿಸಿದರು.

“ಟ್ರಂಕ್ ಹತ್ಯಾರ ತಂದು ಕಡೀಕೂ ಛಡೀನ ಮಾಡೀರಲ್ರಿ ಮಾಸ್ತರ.”

ಹೆಡ್‌ಮಾಸ್ತರು ಉತ್ತರ ಕೊಡಲು ಬಾಯಿ ತೆಗೆದರು. ಶಪಥ ನೆನಪಾಗಿ ಮುಚ್ಚಿದರು. ಬೀಗರು ಊಟ ಮಾಡಿ ಬಸ್ಸು ಹತ್ತುವವರೆಗೂ ಮತ್ತೆ ತೆಗೆಯಲಿಲ್ಲ. ಮರುದಿನ ಹೆಡ್‌ಮಾಸ್ತರ ಮನೆಯವರು ಅಂಗಡಿಗೆ ಬಂದು ಅಡಿಗೆಮನೆಯ ಕೀಲಿ ನನ್ನ ಮುಂದೆ ಇಟ್ಟರು.

“ಕೆತ್ತೂದು ಮುಗೀತು, ಇನ್ನ ಇದು ಬ್ಯಾಡ್ರಿ. ಅವರ ಬಾಯಿಗೇ ಕೀಲಿ ಬಿದ್ದೈತಿ.”