ಅಜ್ಜಿಯ ಚೀನೀ ಗಾದೆಗಳು

ಹಿತ್ತಲ ಗಿಡ ಮದ್ದಲ್ಲ ಎಂದು ನಮ್ಮ ಹಿರಿಯರು ಹೇಳಿದ್ದೇನೋ ನಿಜ. ಆದರೆ ಅದೇ ಗಿಡದ ಎಲೆಗೆ ಪರದೇಶದ ಚೀಟಿ ಅಂಟಿಸಿದರೆ ಏನಾಗುತ್ತದೆ ಎಂಬುದನ್ನು ಅವರು ಹೇಳಿ ಹೋಗಲಿಲ್ಲ. ಅದನ್ನು ಕಂಡುಹಿಡಿದ ಮಹಾನುಭಾವ ನಾನು. ಡಬ್ಲಿನ್ನಿನ ಸಿಟಿವೆಸ್ಟಿನಲ್ಲಿ ಹನ್ನೆರಡು ವರ್ಷದಿಂದ ಸಂಸಾರ ಮಾಡಿಕೊಂಡಿರುವ, ಆಫೀಸಿನಲ್ಲೂ ಬೀದಿಯಲ್ಲೂ ಸಾಧು ಎಂದೇ ಹೆಸರಾದ ನಾನು ನಾಲ್ಕು ವರ್ಷ ಒಂದು ಸುಳ್ಳನ್ನು ಪ್ರೀತಿಯಿಂದ ಸಾಕಿದೆ. ಕಳೆದ ತಿಂಗಳು ಅದು ಮಗಳ ಶಾಲೆಯ ಸಭಾಂಗಣದಲ್ಲಿ, ಹತ್ತಾರು ಜನರ ಎದುರು, ನನ್ನ ಮೇಲೆಯೇ ಎರಗಿತು.

ಸುಳ್ಳು ಹುಟ್ಟಿದ್ದು ಆಫೀಸಿನ ಮೀಟಿಂಗಿನಲ್ಲಿ. ಯಾರೋ ಒಂದು ಕೆಲಸ ಕೆಡಿಸಿದ್ದರು. ನಾನು, "ನಮ್ಮೂರ ಕಡೆ ಒಂದು ಮಾತಿದೆ, ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಎಲ್ಲರೂ ತಮ್ಮ ತಮ್ಮ ಫೋನು ನೋಡಿಕೊಂಡರು. ಎರಡು ವಾರ ಬಿಟ್ಟು ಅದೇ ಮಾತನ್ನು, "ಚೀನಾದಲ್ಲೊಂದು ಹಳೆಯ ಗಾದೆಯಿದೆ" ಎಂದು ಶುರು ಮಾಡಿದೆ. ಫೋನುಗಳೆಲ್ಲ ಮೇಜಿಗಿಳಿದವು. ನಮ್ಮ ಮ್ಯಾನೇಜರ್ ಕನ್ನಡಕ ಏರಿಸಿಕೊಂಡು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು! ನಾನು ದಂಗಾದೆ. ಅದೇ ಕುಂಬಾರ, ಅದೇ ದೊಣ್ಣೆ. ಊರು ಬದಲಾದ ಮಾತ್ರಕ್ಕೆ ಇಷ್ಟು ಮರ್ಯಾದೆಯೇ? ಅಂದು ಸಂಜೆ ಬಸ್ಸಿನಲ್ಲಿ ಕೂತು ಅಜ್ಜಿಯ ಬಾಯಲ್ಲಿ ಕೇಳಿದ ಗಾದೆಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡು ಚೀನಾಕ್ಕೆ ರವಾನಿಸಿಬಿಟ್ಟೆ.

ಆಫೀಸಿನಲ್ಲಿ ಫಲಿಸಿದ ಮದ್ದು ಮನೆಗೂ ಬಂತು. ಮಗಳು ಅನ್ವಿಗೆ ಆಗ ಏಳು ವರ್ಷ. ಇಲ್ಲೇ ಹುಟ್ಟಿದವಳು, ನಮ್ಮೂರಿನ ಗಾದೆ ಎಂದರೆ ಕಿವಿಗೊಡುತ್ತಾಳೆಯೇ ಎಂದು ನಾನೇ ತೀರ್ಮಾನಿಸಿಕೊಂಡೆ. ಕ್ಯಾಮೋಗಿ ಎಂಬ ಇಲ್ಲಿನ ಹಾಕಿಯಂಥ ಆಟದಲ್ಲಿ ಸೋತು ಬಂದು ಮೈದಾನ ಸರಿಯಿರಲಿಲ್ಲ ಎಂದು ಅವಳು ಅತ್ತಾಗ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಚೀನಾದವರು ಹೇಳ್ತಾರೆ" ಎಂದೆ. ಅಳು ನಿಂತಿತು. ಆಮೇಲೆ ಅವಳೇ, "ಇದಕ್ಕೆ ಚೈನೀಸ್‌ನಲ್ಲಿ ಏನಂತಾರೆ ಪಪ್ಪ?" ಎಂದು ತನ್ನ ಇಂಗ್ಲಿಷಿನಲ್ಲಿ ಕೇಳತೊಡಗಿದಳು. ಹೆಂಡತಿ ಸುಮಾ ಮಾತ್ರ ಒಗ್ಗರಣೆ ಹಾಕುತ್ತಲೇ, "ಒಂದು ದಿನ ಸಿಕ್ಕಿ ಬೀಳ್ತೀರಿ ನೋಡಿ. ಆಗ ನಾನು ನಿಮ್ಮ ಪಕ್ಕ ನಿಲ್ಲುವವಳಲ್ಲ" ಎಂದು ಎಚ್ಚರಿಸುತ್ತಿದ್ದಳು. ಹೆಂಡತಿಯ ಎಚ್ಚರಿಕೆಗೆ ಯಾವ ದೇಶದ ಚೀಟಿ ಅಂಟಿಸಿದರೂ ಗಂಡಂದಿರಿಗೆ ಕೇಳಿಸುವುದಿಲ್ಲ.

ಕಳೆದ ತಿಂಗಳು ಶಾಲೆಯಲ್ಲಿ ಸಂಸ್ಕೃತಿ ದಿನ ಎಂದಿದ್ದರು. ಪ್ರತಿ ಮಗುವೂ ಒಂದು ದೇಶದ ಬಗ್ಗೆ ಬೋರ್ಡು ಮಾಡಬೇಕು, ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಅಪ್ಪ ಅಮ್ಮ ಬಂದು ನೋಡಬೇಕು. ಅನ್ವಿ ಎರಡು ವಾರ ಕೋಣೆಯ ಬಾಗಿಲು ಹಾಕಿಕೊಂಡು ಅಂಟು, ಕತ್ತರಿ ಎಂದು ಸಡಗರ ಮಾಡಿದಳು. ತಾಜಮಹಲೋ ಹುಲಿಯೋ ಇರಬಹುದೆಂದು ಸಭಾಂಗಣದೊಳಗೆ ಕಾಲಿಟ್ಟವನಿಗೆ ಕಂಡದ್ದು ಕೆಂಪು ಕಾಗದದ ಮೇಲೆ ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರಗಳು: "ಚೀನಾದ ಜ್ಞಾನ: ಪಪ್ಪ ಕಲಿಸಿದ ಹತ್ತು ಗಾದೆಗಳು." ಕೆಳಗೆ ನನ್ನ ಫೋಟೋ. ಸುಮಾ ಒಮ್ಮೆ ಬೋರ್ಡನ್ನೂ ಒಮ್ಮೆ ನನ್ನನ್ನೂ ನೋಡಿ, ತುಟಿ ಕಚ್ಚಿಕೊಂಡು ಬ್ರೆಜಿಲಿನ ಟೇಬಲ್ಲಿನ ಕಡೆ ನಡೆದುಬಿಟ್ಟಳು.

"ಸರ್ಪ್ರೈಸ್, ಪಪ್ಪ!" ಅನ್ವಿ ಕುಣಿದಾಡುತ್ತಿದ್ದಳು. "ಇನ್ನೂ ಇದೆ. ಲಿನ್ ಅವಳ ಅಜ್ಜೀನ ಕರ್ಕೊಂಡು ಬರ್ತಿದಾಳೆ, ಚೀನಾದಿಂದ ಬಂದಿದಾರೆ. ನನ್ನ ಬೋರ್ಡೇ ಮೊದಲು ನೋಡ್ಬೇಕಂತೆ!" ಲಿನ್ ಎಂದರೆ ಅವಳ ತರಗತಿಯ ಗೆಳತಿ. ಕಾರ್ ಪಾರ್ಕಿಂಗಿನ ನೆಪ ಹೇಳಿ ಓಡೋಣವೆಂದರೆ ಅಜ್ಜಿ ಆಗಲೇ ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಲಿನ್ ಪಕ್ಕದಲ್ಲಿ ನಿಂತು ಒಂದೊಂದನ್ನೇ ಅವರ ಭಾಷೆಯಲ್ಲಿ ಹೇಳತೊಡಗಿದಳು. ಇನ್ನೆರಡು ನಿಮಿಷದಲ್ಲಿ ಇಡೀ ತರಗತಿಯ ಮುಂದೆ ಮಗಳ ಮಾನ ಹೋಗುತ್ತದೆ, ಅವಳು ನನ್ನ ಮೇಲಿಟ್ಟ ನಂಬಿಕೆಯೂ ಹೋಗುತ್ತದೆ ಎಂದು ನಾನು ಗರ ಬಡಿದವನಂತೆ ನಿಂತೆ.

ಮೊದಲನೆಯದು ಕೋಣನ ಮುಂದೆ ಕಿನ್ನರಿ ಬಾರಿಸಿದ್ದು. ಅಜ್ಜಿ ತೊಡೆ ತಟ್ಟಿಕೊಂಡು ನಕ್ಕರು. "ನಮ್ಮಲ್ಲಿ ಬಾರಿಸೋದು ಹಸುವಿನ ಮುಂದೆ ಅಂತಾರೆ ಅಜ್ಜಿ, ಉಳಿದದ್ದೆಲ್ಲ ಗ್ರ್ಯಾಂಡ್, ಸರಿಯಾಗೇ ಇದೆಯಂತೆ" ಎಂದಳು ಲಿನ್. ನಾನು ಬೆಚ್ಚಿದೆ. ಎರಡನೆಯದು ಬಾವಿಯೊಳಗಿನ ಕಪ್ಪೆ. ಅದೂ ಅವರಲ್ಲಿದೆಯಂತೆ, ಬಾವಿಯ ಸಮೇತ! ಮೂರನೆಯದು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು. ಅವರ ಕಡೆ ಬಾಯಾರಿಕೆಯಾದಾಗ ತೋಡುತ್ತಾರಂತೆ, ಅಷ್ಟೇ ವ್ಯತ್ಯಾಸ. ನಾಲ್ಕು ವರ್ಷ ಸುಳ್ಳು ಹೇಳಿದವನಿಗೆ ತಾನು ಹೇಳಿದ್ದು ನಿಜ ಎಂದು ತಿಳಿಯುವಾಗ ಆಗುವ ಗಾಬರಿ ಸಾಮಾನ್ಯದ್ದಲ್ಲ. ಅನ್ವಿ ಹೆಮ್ಮೆಯಿಂದ ನನ್ನ ಕೈ ಹಿಡಿದುಕೊಂಡಳು. ಬದುಕಿದೆ ಎಂದು ಉಸಿರು ಬಿಡುವಷ್ಟರಲ್ಲಿ ನಾಲ್ಕನೆಯದು ಬಂತು: ಕೈ ಕೆಸರಾದರೆ ಬಾಯಿ ಮೊಸರು.

ಅಜ್ಜಿಯ ನಗು ನಿಂತಿತು. ಅವರಿಗೂ ಲಿನ್‌ಗೂ ನಡುವೆ ಏನೇನೋ ಮಾತುಕತೆಯಾಯಿತು. "ಅಜ್ಜಿ ಕೇಳ್ತಿದಾರೆ, ಯಾವೂರವರು ಮೊಸರು ತಿಂತಾರೆ? ಅವರು ಚಿಕ್ಕೋರಿದ್ದಾಗ ಮೊಸರನ್ನ ಕಣ್ಣಲ್ಲೂ ನೋಡಿರ್ಲಿಲ್ವಂತೆ."

"ಅದು... ಬೇರೆ ಪ್ರಾಂತ್ಯದ್ದಿರಬೇಕು" ಎಂದೆ.

"ಯಾವ ಪ್ರಾಂತ್ಯ? ನಿಮಗೆ ಹೇಳಿದ್ದು ಯಾರು ಅಂತ ಕೇಳ್ತಿದಾರೆ."

ಗಾಬರಿಯಲ್ಲಿ ನಿಜ ಜಾರಿಬಿತ್ತು. "ನನ್ನ ಅಜ್ಜಿ."

ಅನ್ವಿ ಕಣ್ಣರಳಿಸಿದಳು. "ನಿಮ್ಮ ಅಜ್ಜಿ ಚೈನೀಸಾ?" ಅದೇ ಹೊತ್ತಿಗೆ ಆ ಕಡೆ ಬಂದ ಟೀಚರ್, "ಓ, ಎಷ್ಟು ಚೆಂದ! ನಮಗೆ ಗೊತ್ತೇ ಇರಲಿಲ್ಲವಲ್ಲ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ಇನ್ನು ಸುಮ್ಮನಿದ್ದರೆ ನಮ್ಮ ವಂಶವೇ ಚೀನಾಕ್ಕೆ ಹೋಗುತ್ತದೆಂದು ಹೆದರಿ ಎಲ್ಲವನ್ನೂ ಒಪ್ಪಿಕೊಂಡೆ. ಗಾದೆಗಳು ಕನ್ನಡದವು, ಅಜ್ಜಿ ಉಡುಪಿ ಕಡೆಯವಳು, ಚೀನಾ ಕಂಡವಳಲ್ಲ. ಟೀಚರ್ ಮೆಲ್ಲಗೆ ಮುಂದಿನ ಟೇಬಲ್ಲಿಗೆ ಸರಿದರು.

"ಹತ್ತೂನಾ?" ಅನ್ವಿಯ ಕಣ್ಣು ತುಂಬಿತ್ತು.

"ಹತ್ತೂ, ಮಗಳೇ."

"ಯಾಕೆ, ಪಪ್ಪ?"

"ನಮ್ಮದು ಅಂದ್ರೆ ನೀನು ಕೇಳ್ತಿರ್ಲಿಲ್ಲ, ಅದಕ್ಕೆ..."

"ನೀವು ಒಂದ್ಸಲಾನೂ ಹೇಳಿ ನೋಡ್ಲೇ ಇಲ್ಲವಲ್ಲ!"

ಆ ದಿನದ ಆಘಾತಗಳಲ್ಲೆಲ್ಲ ದೊಡ್ಡದು ಇದೇ. ಹೌದು, ಒಂದು ಸಲವೂ ಹೇಳಿರಲಿಲ್ಲ. ಆಫೀಸಿನವರು ಫೋನು ನೋಡಿಕೊಂಡ ಅವಮಾನವನ್ನು ತಂದು ಮಗಳ ತಲೆಗೆ ಕಟ್ಟಿದ್ದೆ. ನಾಚಿಕೆಯಾಗಿದ್ದು ನನಗೆ, ಹೆಸರು ಹೇಳಿದ್ದು ಅವಳದು. ಲಿನ್‌ಳ ಅಜ್ಜಿ ಬೈಯಲಿಲ್ಲ. ಅನ್ವಿಯ ಬೆನ್ನು ಸವರಿ ಏನೋ ಸಮಾಧಾನದ ಮಾತು ಹೇಳಿದರು. ಅನ್ವಿ ತೋಳಿನಿಂದ ಕಣ್ಣೊರೆಸಿಕೊಂಡು ದಪ್ಪ ಮಾರ್ಕರ್ ತೆಗೆದು ಚೀನಾ ಎಂಬುದನ್ನು ಹೊಡೆದುಹಾಕಿದಳು. "ನಿಮ್ಮ ಅಜ್ಜಿ ಹೆಸರೇನು? ಅವರ ಹೆಸರು ಹಾಕ್ತೀನಿ."

ಬಾಯಿ ತೆರೆದೆ. ಹೆಸರು ಬರಲಿಲ್ಲ. ಮರೆತದ್ದಲ್ಲ, ಗೊತ್ತೇ ಇರಲಿಲ್ಲ! ಅಮ್ಮನ ಅಮ್ಮ; ಮೊಮ್ಮಕ್ಕಳಿಗೆಲ್ಲ ಹಂಗಾರಕಟ್ಟೆ ಅಜ್ಜಿ, ಊರಿನವರಿಗೆ ಅಮ್ಮ. ಚೀನಾದ ಜ್ಞಾನಿಗಳ ಹೆಸರು ಕೇಳಿದ್ದರೆ ನಾಲ್ಕಾದರೂ ಹೇಳುತ್ತಿದ್ದೆ. ಮೂಲೆಗೆ ಸರಿದು ಊರಿಗೆ ಫೋನ್ ಹಚ್ಚಿದೆ.

"ಅಜ್ಜಿಯ ಹೆಸರಾ? ಈಗ ಎಂತಕ್ಕೆ ಮಾರಾಯ ಅದು?" ಎಂದಳು ಅಮ್ಮ. ಹಿಂದೆ ಟಿವಿ ಅಬ್ಬರಿಸುತ್ತಿತ್ತು. "ಧಾರಾವಾಹಿ ಬರ್ತಾ ಉಂಟು, ನಾಳೆ ಮಾಡು. ಯಾರಿಗೆ ಬೇಕಂತೆ?"

ನಿನ್ನ ಮೊಮ್ಮಗಳಿಗೆ ಎಂದಿದ್ದರೆ ಸಾಕಿತ್ತು.

"ಇಲ್ಲಿ ಚೀನಾದವರೊಬ್ಬರು ಕೇಳ್ತಿದ್ದಾರೆ ಅಮ್ಮ" ಎಂದೆ.

ಟಿವಿ ತಟ್ಟನೆ ನಿಂತಿತು. "ಹೌದಾ? ಪದ್ಮಾವತಿ ಅಂತ ಬರ್ಕೊಳ್ಳಿಕ್ಕೆ ಹೇಳು. ತಪ್ಪಿಲ್ಲದೆ ಬರೀಲಿಕ್ಕೆ ಹೇಳು ಅವರಿಗೆ!"

ಫೋನ್ ಇಟ್ಟು ತಿರುಗಿದರೆ ಅನ್ವಿ ಮಾರ್ಕರ್ ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. ಅವಳು ಕನ್ನಡ ಆಡುವುದು ಕಡಿಮೆ. ಆದರೆ ಅರ್ಥ ಮಾತ್ರ ಪೂರ್ತಿ ಆಗುತ್ತದೆ.